ರೋಗ ವಾಸಿಯಾದವರಿಗಾಗಿ ಏನಂತ ಪ್ರಾರ್ಥನೆ ಮಾಡಬೇಕು?

ಭಾಲ್ಕಿ ಯುವಜನ

ಎಲ್ಲರಿಗೂ ವಂದನೆಗಳು. ಬೀದರ್ ಜಿಲ್ಲೆಯ ಒಂದು ಸಣ್ಣ ಸಭೆಯಲ್ಲಿ ಯುವಜನ ಸಂಘದ ಕೆಲಸ ನೋಡಿಕೊಳ್ಳುತ್ತೇನೆ. ಜನವರಿ ಕೊನೆಯ ಭಾನುವಾರ ವಿಶ್ವ ಕುಷ್ಠರೋಗ ದಿನ. ಆ ದಿನದ ಆರಾಧನೆಗೆ ಪ್ರಾರ್ಥನೆ ಬರೆಯುವ ಜವಾಬ್ದಾರಿ ಈ ಸಲ ನನಗೆ ಬಂದಿದೆ. ಹಿಂದಿನ ವರ್ಷಗಳ ಹಾಳೆ ತೆಗೆದು ನೋಡಿದೆ. "ಕರ್ತನೇ, ಇವರನ್ನು ಗುಣಪಡಿಸು, ಇವರ ಪಾಪ ಕ್ಷಮಿಸು" ಅಂತ ಇದೆ, ಅಷ್ಟೇ.

ನಮ್ಮ ಸಭೆಗೆ ಒಬ್ಬ ಅಜ್ಜ ಬರುತ್ತಾರೆ. ಸರ್ಕಾರಿ ದವಾಖಾನೆಯಲ್ಲಿ 12 ತಿಂಗಳ ಗುಳಿಗೆ ಮುಗಿಸಿ ಎಷ್ಟೋ ವರ್ಷ ಆಯಿತು. ರೋಗ ಹೋಗಿದೆ. ಆದರೆ ಕೈ ಬೆರಳು ಮಡಚಿಕೊಂಡಿವೆ. ಒಂದು ಪಾದದಲ್ಲಿ ಹುಣ್ಣು ಮಾಯುತ್ತದೆ, ಮತ್ತೆ ಬರುತ್ತದೆ. ಗುಣವಾದವರನ್ನೇ ಪ್ರತಿ ವರ್ಷ "ಗುಣಪಡಿಸು" ಅಂತ ಕೇಳಿದರೆ ಅವರಿಗೆ ಏನನಿಸುತ್ತದೆ?

ಇನ್ನೊಂದು ವಿಷಯ ಇದೆ. ನಮ್ಮಲ್ಲಿ ಕರ್ತರ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಗೆ, ಎಲ್ಲರೂ ಕುಡಿಯುವುದು ಒಂದೇ ಬಟ್ಟಲಿನಿಂದ. ಇಬ್ಬರು ಹಿರಿಯರು "ಅಜ್ಜನಿಗೆ ಬೇರೆ ಲೋಟ ಇಡೋಣ" ಅಂದಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಆದರೆ ಎದುರು ಮಾತಾಡಲು ಸರಿಯಾದ ಆಧಾರ ಬೇಕು. ತಿಳಿದವರು ಹೇಳಿ.

ಸೇಡಂ ಮೇಷ್ಟ್ರು

ಒಳ್ಳೆ ಪ್ರಶ್ನೆ ತಮ್ಮಾ. ಮೊದಲು ಬಟ್ಟಲಿನ ಮಾತು. ಮಾರ್ಕನ ಸುವಾರ್ತೆ 14ನೇ ಅಧ್ಯಾಯ ತೆಗೆದು ಆ ಹಿರಿಯರಿಗೆ ಓದಿ ಹೇಳು. ಯೇಸು ಬೇಥಾನ್ಯದಲ್ಲಿ ಊಟಕ್ಕೆ ಕೂತದ್ದು ಯಾರ ಮನೆಯಲ್ಲಿ? ಕುಷ್ಠರೋಗಿಯಾದ ಸೀಮೋನನ ಮನೆಯಲ್ಲಿ. ಕೊನೆಯ ಭೋಜನಕ್ಕೆ ಸ್ವಲ್ಪ ಮುಂಚೆ ಉಂಡ ಊಟ ಅದು. ಅದೇ ಅಧ್ಯಾಯದಲ್ಲಿ ಮುಂದೆ ಬಟ್ಟಲು ಬರುತ್ತದೆ. ಸೀಮೋನನ ಮನೆಯ ಊಟ ಬಿಟ್ಟು ಬಟ್ಟಲನ್ನು ಮಾತ್ರ ಹೇಗೆ ತೆಗೆದುಕೊಳ್ಳುತ್ತಾರೆ?

ಕರ್ತನ ಕಾವಲುಗಾರ

ಎಲ್ಲರಿಗೂ ಸ್ತೋತ್ರ. ಗುಣಪಡಿಸು ಅಂತ ಕೇಳುವುದರಲ್ಲಿ ತಪ್ಪೇನಿದೆ? ಮಡಚಿದ ಬೆರಳು ನೆಟ್ಟಗೆ ಮಾಡಲು ದೇವರಿಗೆ ಆಗುವುದಿಲ್ಲವೇ? ಕುಷ್ಠ ಬಂದಿದ್ದ ಸೇನಾಪತಿ ನಾಮಾನನು ಯೊರ್ದನ್ ನದಿಯಲ್ಲಿ ಏಳು ಸಲ ಮುಳುಗಿ ಎದ್ದಾಗ ಮಗುವಿನ ಚರ್ಮದಂತೆ ಆಯಿತು. ನಾವೇ ಕಡಿಮೆ ನಂಬಿ ಕಡಿಮೆ ಕೇಳುತ್ತಿದ್ದೇವೆ. ಉಪವಾಸ ಪ್ರಾರ್ಥನೆ ಇಡಿ, ಎಣ್ಣೆ ಹಚ್ಚಿ ಪ್ರಾರ್ಥಿಸಿ.

ಯಾದಗಿರಿ ಸಿಸ್ಟರ್

ಅಣ್ಣಾ, ನಂಬಿಕೆ ನನಗೂ ಇದೆ. ಡ್ಯೂಟಿಗೆ ಹೋಗುವ ಮುಂಚೆ ದಿನಾ ಮಂಡಿಯೂರುತ್ತೇನೆ. ಆದರೆ ಇದನ್ನು ಹೇಳಲೇಬೇಕು.

ನಾನು ನೋಡಿದ ಒಬ್ಬ ತಾಯಿಗೆ ಗುಳಿಗೆ ಶುರುವಾಗಿ ಕೆಲವೇ ತಿಂಗಳಾಗಿತ್ತು. ಒಂದು ಕೂಟದಲ್ಲಿ "ನೀನು ಗುಣವಾದಿ, ಇನ್ನು ಗುಳಿಗೆ ನುಂಗಿದರೆ ಅಪನಂಬಿಕೆ" ಅಂದರು. ಆ ತಾಯಿ ಗುಳಿಗೆ ಬಿಟ್ಟರು. ಮುಂದೆ ಮತ್ತೆ ಬಂದಾಗ ಮೊಣಕೈ ಹತ್ತಿರದ ನರ ಹಗ್ಗದ ಹಾಗೆ ಊದಿತ್ತು, ಕಿರುಬೆರಳು ಉಂಗುರಬೆರಳು ಬಾಗಿದ್ದವು. ಬೇಗ ಬಂದಿದ್ದರೆ ಸ್ಟೀರಾಯ್ಡ್ ಗುಳಿಗೆ ಕೊಟ್ಟು ಆ ನರ ಉಳಿಸಲು ನೋಡಬಹುದಿತ್ತು. ತಡವಾದ ಮೇಲೆ ಆ ಶಕ್ತಿ ವಾಪಸ್ ಬರುವುದು ಕಷ್ಟ. ನನಗೆ ಆ ದಿನ ಬಂದ ಸಿಟ್ಟು ಈಗಲೂ ಹೋಗಿಲ್ಲ.

ಭಾಲ್ಕಿ ತಮ್ಮಾ, ನಿಮ್ಮ ಪ್ರಾರ್ಥನೆಯಲ್ಲಿ ಗುಳಿಗೆ ಅನ್ನುವ ಮಾತು ಬರಲಿ. ಮೈಕಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ. "ಗುಳಿಗೆ ನುಂಗುತ್ತಿರುವವರು ಒಂದು ತಿಂಗಳೂ ತಪ್ಪಿಸದೆ ಮುಗಿಸಲಿ" ಅಂತ ಕೇಳಿರಿ. ಆ ಸಭೆಯಲ್ಲಿ ಮಚ್ಚೆ ಮುಚ್ಚಿಟ್ಟುಕೊಂಡು ಕೂತವರು ಒಬ್ಬರಿದ್ದರೂ ಅವರ ಕಿವಿಗೆ ಬೀಳುತ್ತದೆ.

ಕರ್ತನ ಕಾವಲುಗಾರ

ಸಿಸ್ಟರ್, ಗುಳಿಗೆ ಬಿಡಿ ಅಂತ ನಾನು ಹೇಳಿಲ್ಲ. ಎಲ್ಲ ಕೂಟಗಳೂ ಹಾಗಿರುವುದಿಲ್ಲ.

ಯಾದಗಿರಿ ಸಿಸ್ಟರ್

ನೀವು ಹೇಳಿಲ್ಲ, ಸರಿ. ಆದರೆ ಎಣ್ಣೆ ಹಚ್ಚಿ ಪ್ರಾರ್ಥಿಸುವವರು "ಗುಳಿಗೆ ಬಿಡಬೇಡ" ಅಂತಲೂ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಮಂದಿ ತಮಗೆ ಬೇಕಾದ ಹಾಗೆ ತಿಳಿದುಕೊಳ್ಳುತ್ತಾರೆ.

ಶಹಾಬಾದ್ ಪರ್ಸಿ

ಒಂದು ಮಾತು ಕೇಳುತ್ತೇನೆ, ಯಾರೂ ಬೇಜಾರಾಗಬೇಡಿ. ಅಜ್ಜ ಕುಡಿದ ಬಟ್ಟಲಲ್ಲಿ ಕುಡಿದರೆ ನಿಜವಾಗಿ ಅಂಟುವುದಿಲ್ವಾ? ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ.

ಯಾದಗಿರಿ ಸಿಸ್ಟರ್

ಕೇಳಿದ್ದು ಒಳ್ಳೆಯದಾಯಿತು. ಎಲ್ಲರ ಮನಸ್ಸಲ್ಲೂ ಇದೇ ಇರುತ್ತದೆ, ಬಾಯಿಗೆ ಬರುವುದಿಲ್ಲ.

ಇದು ಒಂದು ಬ್ಯಾಕ್ಟೀರಿಯಾದಿಂದ ಬರುವ ರೋಗ. ನಾರ್ವೆಯ ಹ್ಯಾನ್ಸೆನ್ ಅನ್ನುವ ವೈದ್ಯರು 1873ರಲ್ಲಿ ಅದನ್ನು ಕಂಡುಹಿಡಿದರು. ಚಿಕಿತ್ಸೆ ಪಡೆಯದ ರೋಗಿಯ ಜೊತೆ ಬಹಳ ಕಾಲ ಹತ್ತಿರ ಇದ್ದಾಗ, ಮೂಗು ಬಾಯಿಯ ಹನಿಗಳಿಂದ ಹರಡುತ್ತದೆ. 100 ಜನರಲ್ಲಿ 95ಕ್ಕಿಂತ ಜಾಸ್ತಿ ಜನರಿಗೆ ಇದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಗುಳಿಗೆ ಶುರು ಮಾಡಿದ ಸ್ವಲ್ಪ ದಿನಕ್ಕೇ ಆ ರೋಗಿಯಿಂದ ಹರಡುವುದು ನಿಲ್ಲುತ್ತದೆ. ಅಜ್ಜ ಕೋರ್ಸ್ ಮುಗಿಸಿ ವರ್ಷಗಳಾಗಿವೆ. ಅವರ ಪಾದದ ಹುಣ್ಣು ರೋಗದ್ದಲ್ಲ, ಸ್ಪರ್ಶ ಇಲ್ಲದ ಪಾದಕ್ಕೆ ಆದ ಗಾಯ. ಅದರಿಂದ ಯಾರಿಗೂ ಕುಷ್ಠ ಬರುವುದಿಲ್ಲ. ಬಟ್ಟಲಿನಿಂದ ಶೀತ ಕೆಮ್ಮು ಬರಬಹುದು. ಅದು ಅಜ್ಜನಿಂದಲೂ ಬರಬಹುದು, ಹಿರಿಯರಿಂದಲೂ ಬರಬಹುದು.

ಶಹಾಬಾದ್ ಪರ್ಸಿ

ಸರಿ ಅಕ್ಕಾ. ಇದನ್ನು ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ.

ಚಿತ್ತಾಪುರ ಆಶಾ

ನಾನು ಆಶಾ ಕಾರ್ಯಕರ್ತೆ. ನಾನು ಕ್ರೈಸ್ತಳಲ್ಲ, ಆದರೂ ಬರೆಯುತ್ತೇನೆ. ಮನೆ ಮನೆ ಸರ್ವೆಗೆ ಹೋದರೆ ಮಂದಿ ಮೈ ತೋರಿಸಲು ಒಪ್ಪುವುದಿಲ್ಲ. "ನಮ್ಮ ಮನೆತನದಲ್ಲಿ ಅಂಥದ್ದು ಇಲ್ಲ" ಅನ್ನುತ್ತಾರೆ. ಹೆಣ್ಣುಮಕ್ಕಳು ಬೆನ್ನಿನ ಮಚ್ಚೆಯನ್ನು ಗಂಡನಿಗೂ ಹೇಳಿರುವುದಿಲ್ಲ. ಗುಳಿಗೆ ಶುರುವಾದ ಮೇಲೆ ಮೂತ್ರ ಕೆಂಪಾಗುತ್ತದೆ, ಚರ್ಮ ಕಪ್ಪಾಗುತ್ತದೆ. ಅತ್ತೆಗೆ ಗೊತ್ತಾದೀತು ಅಂತ ಹೆದರಿ ನಿಲ್ಲಿಸುತ್ತಾರೆ. ಕೋರ್ಸ್ ಮುಗಿದ ಮೇಲೆ ಬಣ್ಣ ನಿಧಾನಕ್ಕೆ ತಿಳಿಯಾಗುತ್ತದೆ ಅಂತ ಪದೇ ಪದೇ ಹೇಳಬೇಕು.

ನಮ್ಮ ಕಡೆ ತೊನ್ನು ಮತ್ತು ಕುಷ್ಠ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ. ತೊನ್ನು ಹಾಲಿನ ಹಾಗೆ ಬೆಳ್ಳಗೆ, ಮುಟ್ಟಿದರೆ ಗೊತ್ತಾಗುತ್ತದೆ, ಅದು ಅಂಟುರೋಗವೇ ಅಲ್ಲ. ಕುಷ್ಠದ ಮಚ್ಚೆ ತಿಳಿ ಬಣ್ಣದ್ದು ಅಥವಾ ಸ್ವಲ್ಪ ಕೆಂಪು. ಅಲ್ಲಿ ಚುಚ್ಚಿದರೂ ತಿಳಿಯದು, ಬೆವರೂ ಬರದು. ಹಾಗಿದ್ದರೆ ತಡ ಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರಬೇಕು. ಮಚ್ಚೆ ಕಡಿಮೆ ಇದ್ದರೆ 6 ತಿಂಗಳು, ಜಾಸ್ತಿ ಇದ್ದರೆ 12 ತಿಂಗಳು. ಗುಳಿಗೆಗೆ ದುಡ್ಡಿಲ್ಲ.

ಭಾನುವಾರ ಅಷ್ಟು ಜನ ಒಂದೇ ಕಡೆ ಸೇರುತ್ತಾರಲ್ವಾ. ಪ್ರಾರ್ಥನೆ ಮುಗಿದ ಮೇಲೆ ಐದು ನಿಮಿಷ ನಮ್ಮಂಥವರಿಗೆ ಕೊಡಿ. ಗುಡಿಯಲ್ಲಿ, ಮಸೀದಿಯಲ್ಲಿ ಕೊಟ್ಟರೂ ಹೋಗಿ ಹೇಳುತ್ತೇನೆ.

ವಾಡಿ ಜಂಕ್ಷನ್

ಪ್ರವಾದಿ ಎಲೀಷನ ಸೇವಕ ಗೇಹಜಿಗೆ ಕುಷ್ಠ ಬಂದದ್ದು ಸುಳ್ಳು ಹೇಳಿದ್ದಕ್ಕೆ. ಮೋಶೆಯ ಅಕ್ಕ ಮಿರ್ಯಾಮಳಿಗೆ ಬಂದದ್ದು ಮೋಶೆಯ ವಿರುದ್ಧ ಮಾತಾಡಿದ್ದಕ್ಕೆ. ಸತ್ಯವೇದದಲ್ಲೇ (ಬೈಬಲಿನಲ್ಲೇ) ಇದೆ. ಹಾಗಾದರೆ ಪಾಪ ಕ್ಷಮಿಸು ಅನ್ನುವುದು ತಪ್ಪು ಹೇಗಾಗುತ್ತದೆ?

ಸೇಡಂ ಮೇಷ್ಟ್ರು

ಅದೇ ಸತ್ಯವೇದದಲ್ಲಿ ಯೋಹಾನ 9ನೇ ಅಧ್ಯಾಯವೂ ಇದೆಯಲ್ಲ. ಹುಟ್ಟು ಕುರುಡನನ್ನು ನೋಡಿ ಶಿಷ್ಯರು "ಯಾರ ಪಾಪ, ಇವನದಾ, ತಂದೆತಾಯಿಯದಾ?" ಅಂತ ಕೇಳಿದರು. ಯಾರದೂ ಅಲ್ಲ ಅಂದ ಯೇಸು. ಗೇಹಜಿಯ ಕಥೆ ಗೇಹಜಿಯದು. ಅದನ್ನು ತಂದು ಒಬ್ಬ ಕೂಲಿ ಮಾಡುವ ಹೆಣ್ಣುಮಗಳ ಮೈಮೇಲಿನ ಮಚ್ಚೆಗೆ ಅಂಟಿಸುವ ಹಕ್ಕು ನಮಗೆ ಯಾರು ಕೊಟ್ಟರು?

ಇನ್ನೊಂದು. ಯಾಜಕಕಾಂಡ 13 ಮತ್ತು 14 ಓದಿ. ಅಲ್ಲಿ ಅದೇ ರೋಗ ಬಟ್ಟೆಗೂ ಬರುತ್ತದೆ, ಮನೆಯ ಗೋಡೆಗೂ ಬರುತ್ತದೆ. ಈಗ ದವಾಖಾನೆಯಲ್ಲಿ ಕುಷ್ಠ ಅನ್ನುವ ರೋಗ ಗೋಡೆಗೆ ಬರುವುದಿಲ್ಲ. ಚರ್ಮದ ಎಷ್ಟೋ ತೊಂದರೆಗಳನ್ನು, ಬೂಷ್ಟನ್ನು ಕೂಡ ಅಲ್ಲಿ ಒಟ್ಟಿಗೆ ಸೇರಿಸಿದ್ದಾರೆ. ಹಾಗಾಗಿ ಆ ನಿಯಮಗಳನ್ನು ಇವತ್ತಿನ ರೋಗಿಯ ಮೇಲೆ ಹಾಕುವುದು ಓದುವ ರೀತಿಯಲ್ಲೇ ತಪ್ಪು.

ಆದರೆ ಆ 14ನೇ ಅಧ್ಯಾಯದಲ್ಲಿ ನಮಗೆ ಬೇಕಾದ ಒಂದು ವಿಷಯ ಇದೆ. ರೋಗ ಹೋದವನನ್ನು ಯಾಜಕನು ಪಾಳೆಯದ ಹೊರಗೆ ಹೋಗಿ ನೋಡಬೇಕು. ನೋಡಿ, ಎಲ್ಲರ ಮುಂದೆ "ಇವನು ಶುದ್ಧ" ಅಂತ ಹೇಳಿ ಒಳಗೆ ಕರೆದುಕೊಳ್ಳಬೇಕು. ಯೇಸು ಹತ್ತು ಜನ ಕುಷ್ಠರೋಗಿಗಳಿಗೆ "ಹೋಗಿ ಯಾಜಕರಿಗೆ ತೋರಿಸಿಕೊಳ್ಳಿ" ಅಂದದ್ದು ಅದಕ್ಕೇ. ಮೈ ಗುಣವಾದರೆ ಸಾಲದು, ಊರೊಳಗೆ ಸೇರಬೇಕು. ಭಾಲ್ಕಿಯ ಅಜ್ಜನಿಗೆ ಡಾಕ್ಟರ್ "ಚಿಕಿತ್ಸೆ ಮುಗಿಯಿತು" ಅಂತ ಬರೆದುಕೊಟ್ಟಾಗಿದೆ. ಈಗ ಬಾಕಿ ಇರುವುದು ಯಾಜಕನ ಕೆಲಸ. ಅದು ಸಭೆಯ ಪಾಲಿನದು.

ವಾಡಿ ಜಂಕ್ಷನ್

ಕೊನೆಯ ಪ್ಯಾರಾ ಒಪ್ಪಿದೆ ಮೇಷ್ಟ್ರೇ. ಗೇಹಜಿ ಬಗ್ಗೆ ಇನ್ನೊಮ್ಮೆ ಮಾತಾಡೋಣ.

ಕಲ್ಯಾಣದವ

ನಾನು ಬಸವಕಲ್ಯಾಣದ ಕಡೆಯವನು, ಲಿಂಗಾಯತ. ನೇರವಾಗಿ ಕೇಳುತ್ತೇನೆ. ಸೇವೆ ಮಾಡುವುದು ಸರಿ, ಆದರೆ ಸಂಕಟದಲ್ಲಿ ಇರುವವರ ಮನೆಗೆ ಪ್ರಾರ್ಥನೆ ಅಂತ ಹೋಗಿ ಅವರನ್ನು ನಿಮ್ಮ ಕಡೆ ಸೆಳೆಯುವುದು ಸರಿಯಾ? ಬ್ರೆಡ್ಡು ಕಂಬಳಿ ಒಂದು ಕೈಯಲ್ಲಿ, ಪುಸ್ತಕ ಇನ್ನೊಂದು ಕೈಯಲ್ಲಿ?

ಭಾಲ್ಕಿ ಯುವಜನ

ಅಣ್ಣಾ, ಸಹಾಯಕ್ಕೆ ಷರತ್ತು ಹಾಕಿದರೆ ಅದು ನನಗೂ ತಪ್ಪೇ. ಹೇಳಿದ ಅಜ್ಜ ನಮ್ಮ ಸಭೆಯಲ್ಲೇ ಹುಟ್ಟಿ ಬೆಳೆದವರು. ನಮ್ಮವರನ್ನೇ ನಾವು ಹಿಂದಿನ ಬೆಂಚಿಗೆ ಕಳಿಸಿದ್ದೇವೆ ಅನ್ನುವುದೇ ನನ್ನ ಸಂಕಟ.

ಕಲ್ಯಾಣದವ

ಹಾಗಾದರೆ ನನ್ನದೇನೂ ತಕರಾರಿಲ್ಲ. ನಮ್ಮ ಮನೆಯ ಒಂದು ವಿಷಯ ಹೇಳುತ್ತೇನೆ. ನಮ್ಮ ಮುತ್ತಜ್ಜನ ಅಣ್ಣನಿಗೆ ಈ ರೋಗ ಬಂದಿತ್ತು. ಆಗ ನಾವೆಲ್ಲ ನಿಜಾಮರ ಸೀಮೆ. ಅವರನ್ನು ನಿಜಾಮಾಬಾದ್ ಹತ್ತಿರದ ಡಿಚ್‌ಪಲ್ಲಿ ದವಾಖಾನೆಗೆ ಕಳಿಸಿದ್ದರಂತೆ. ವಾಪಸ್ ಬಂದರೋ ಇಲ್ಲವೋ ಮನೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ಸೇಡಂ ಮೇಷ್ಟ್ರು

ಡಿಚ್‌ಪಲ್ಲಿ ದೊಡ್ಡ ಹೆಸರು. ಇಸಬೆಲ್ ಕೆರ್ ಅನ್ನುವ ಮಿಷನರಿ ವೈದ್ಯೆ 1915ರ ಸುಮಾರಿಗೆ ಶುರು ಮಾಡಿದ್ದು. ಆಗ ಚಾಲಮೂಗ್ರ ಎಣ್ಣೆಯ ಚುಚ್ಚುಮದ್ದು ಬಿಟ್ಟರೆ ಬೇರೆ ಔಷಧಿ ಇರಲಿಲ್ಲ. ಬಹಳ ನೋವಿನದು, ಪೂರ್ತಿ ಗುಣವೂ ಇಲ್ಲ. ಮಂಗಳೂರಿನಲ್ಲಿ ಫಾದರ್ ಮುಲ್ಲರ್ 1890ರಲ್ಲೇ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದ್ದರು. ದಿ ಲೆಪ್ರಸಿ ಮಿಷನ್ ಶುರುವಾದದ್ದು 1874ರಲ್ಲಿ. ವೆಲ್ಲೆಸ್ಲಿ ಬೈಲಿ ಅನ್ನುವ ಐರಿಶ್ ಮೇಷ್ಟ್ರು ಅಂಬಾಲಾದಲ್ಲಿ ರೋಗಿಗಳನ್ನು ನೋಡಿ ಬಂದ ಮೇಲೆ ಕಟ್ಟಿದ ಸಂಸ್ಥೆ. ಆ ಕಾಲದವರಿಗೆ ಕೊಡಲು ಔಷಧಿ ಇರಲಿಲ್ಲ, ಆದರೂ ಹುಣ್ಣು ತೊಳೆದರು. ನಮ್ಮ ಕಾಲಕ್ಕೆ ಔಷಧಿ ಇದೆ. 1981ರಿಂದ ಎರಡು ಮೂರು ಔಷಧಿ ಸೇರಿಸಿ ಕೊಡುವ ಪದ್ಧತಿ ಬಂದಿದೆ.

ಕಲಬುರಗಿ ಬಿಸಿಲು

ಸರ್ಕಾರ 2005ರಲ್ಲೇ ಕುಷ್ಠರೋಗ ಹೋಯಿತು ಅಂತ ಘೋಷಿಸಿತ್ತಲ್ವಾ? ಇನ್ನೂ ಯಾಕೆ ಇದರ ಮಾತು?

ಚಿತ್ತಾಪುರ ಆಶಾ

ಪೂರ್ತಿ ಹೋಯಿತು ಅಂತಲ್ಲ ಅಣ್ಣಾ. 10,000 ಜನರಿಗೆ ಒಬ್ಬರಿಗಿಂತ ಕಡಿಮೆ ರೋಗಿಗಳು ಅನ್ನುವ ಮಟ್ಟ ದೇಶದ ಲೆಕ್ಕದಲ್ಲಿ ಮುಟ್ಟಿತು, ಅಷ್ಟೇ. ಈಗಲೂ ವರ್ಷಕ್ಕೆ ಸುಮಾರು 1 ಲಕ್ಷ ಹೊಸ ರೋಗಿಗಳು ಭಾರತದಲ್ಲಿ ಸಿಗುತ್ತಾರೆ. ಜಗತ್ತಿನ ಲೆಕ್ಕದಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮವರೇ. ರೋಗಾಣು ಒಳಗೆ ಹೋಗಿ ಮಚ್ಚೆ ಕಾಣಲು ಐದು ವರ್ಷ ಹಿಡಿಯಬಹುದು, ಕೆಲವರಲ್ಲಿ ಇಪ್ಪತ್ತು ವರ್ಷವೂ ಆಗುತ್ತದೆ.

ಕಾಲೊನಿ ಮಗಳು

ಎಲ್ಲ ಓದಿದೆ. ನಾನು ಕುಷ್ಠರೋಗಿಗಳ ಕಾಲೊನಿಯಲ್ಲಿ ಬೆಳೆದವಳು. ನನ್ನ ಅವ್ವನಿಗೆ ರೋಗ ಇತ್ತು, ನನಗೆ ಇಲ್ಲ, ನನ್ನ ಮಕ್ಕಳಿಗೂ ಇಲ್ಲ. ಈಗ ಕಲಬುರಗಿಯಲ್ಲಿ ಕೆಲಸ ಮಾಡುತ್ತೇನೆ. ಆಫೀಸಿನಲ್ಲಿ ಊರು ಯಾವುದು ಅಂದರೆ ಬೇರೆ ಊರಿನ ಹೆಸರು ಹೇಳುತ್ತೇನೆ.

ಜನವರಿ ಬಂದರೆ ನಮ್ಮಲ್ಲಿಗೆ ಬಹಳ ಜನ ಬರುತ್ತಿದ್ದರು. ಸಾಲಾಗಿ ಕೂರಿಸುತ್ತಿದ್ದರು. ಹಣ್ಣು, ಬ್ರೆಡ್ಡು, ಟವೆಲ್ ಕೊಟ್ಟು ಫೋಟೊ ತೆಗೆಯುತ್ತಿದ್ದರು. ದೂರ ನಿಂತು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ ಹೋಗುತ್ತಿದ್ದರು. ಒಳ್ಳೆಯ ಮನಸ್ಸಿನವರೇ, ಅದರಲ್ಲಿ ಸಂಶಯವಿಲ್ಲ. ಆದರೆ ನಮ್ಮ ಮನೆಯಲ್ಲಿ ಒಂದು ಕಪ್ ಚಹಾ ಕುಡಿದವರು ಬಹಳ ಕಡಿಮೆ. ಅವ್ವ ಪ್ರತಿ ಸಲ ಚಹಾಕ್ಕೆ ಇಡುತ್ತಿದ್ದಳು. "ಈಗಷ್ಟೇ ಆಯಿತಮ್ಮಾ" ಅನ್ನುತ್ತಿದ್ದರು.

ಅವ್ವನ ಕೈಗೆ ಸ್ಪರ್ಶ ಇರಲಿಲ್ಲ. ಜೋಳದ ರೊಟ್ಟಿ ಬಡಿದು ಹೆಂಚಿನ ಮೇಲೆ ಕೈಯಿಂದಲೇ ತಿರುವಿ ಹಾಕುವುದು ನಮ್ಮ ಕಡೆಯ ಪದ್ಧತಿ. ಸುಟ್ಟ ವಾಸನೆ ಬಂದ ಮೇಲೆ ಕೈ ಸುಟ್ಟಿದೆ ಅಂತ ತಿಳಿಯುತ್ತಿತ್ತು. ಬೆರಳು ಹೋದದ್ದು ರೋಗದಿಂದ ಉದುರಿ ಅಲ್ಲ, ಹೀಗೆ ಸುಟ್ಟು, ತರಚಿ, ಹುಣ್ಣು ಕೀವಾಗಿ. ಒಬ್ಬ ಸಿಸ್ಟರ್ ಬಂದು ಉದ್ದ ಹಿಡಿಯ ಇಕ್ಕಳ, ದಪ್ಪ ಬಟ್ಟೆಯ ಹಿಡಿಕೆ ಕೊಟ್ಟು ಪಕ್ಕದಲ್ಲಿ ಕೂತು ರೊಟ್ಟಿ ಮಾಡುವುದು ತೋರಿಸಿದರು. ಮಾಡಿದ ರೊಟ್ಟಿಯನ್ನು ಅಲ್ಲೇ ಕೂತು ತಿಂದರು. ಅವ್ವ ಸಾಯುವವರೆಗೂ ಅವರ ಹೆಸರು ಹೇಳುತ್ತಿದ್ದಳು.

ಭಾಲ್ಕಿ ಅಣ್ಣಾ, ಅವ್ವ ದಿನಾ ರಾತ್ರಿ ಪ್ರಾರ್ಥನೆ ಮಾಡುತ್ತಿದ್ದಳು. ಮಳೆಗೆ, ಪಕ್ಕದ ಮನೆಯ ಬಸುರಿ ಹುಡುಗಿಗೆ, ಪರೀಕ್ಷೆ ಬರೆಯುವ ಮಕ್ಕಳಿಗೆ, ಬ್ರೆಡ್ಡು ತಂದುಕೊಟ್ಟವರಿಗೂ. ಅವಳನ್ನು ಯಾರೂ ಯಾವತ್ತೂ "ಅಮ್ಮಾ, ನಮಗಾಗಿ ಪ್ರಾರ್ಥನೆ ಮಾಡು" ಅಂತ ಕೇಳಲಿಲ್ಲ. ನೀವು ಅಜ್ಜನ ಬಗ್ಗೆ ಏನು ಬರೆಯಲಿ ಅಂತ ನಮ್ಮನ್ನು ಕೇಳುತ್ತಿದ್ದೀರಿ. ಅಜ್ಜನನ್ನು ಕೇಳಿದಿರಾ? ಪ್ರಾರ್ಥನೆ ಮಾಡಲು ಅವರನ್ನೇ ಮುಂದೆ ನಿಲ್ಲಿಸಬಾರದಾ?

ಶಹಾಬಾದ್ ಪರ್ಸಿ

ಅಕ್ಕಾ, ಓದಿ ಮಾತೇ ಬರಲಿಲ್ಲ.

ಕರ್ತನ ಕಾವಲುಗಾರ

ಆಮೆನ್ ತಂಗಿ. ಕೈ ಇಟ್ಟು ಪ್ರಾರ್ಥಿಸುವವರು ದೂರ ನಿಂತದ್ದು ದೊಡ್ಡ ತಪ್ಪು. ಮಾರ್ಕ 1ರಲ್ಲಿ ಯೇಸು ಕುಷ್ಠರೋಗಿಯನ್ನು ಮೊದಲು ಮುಟ್ಟಿದನು, ರೋಗ ಹೋದದ್ದು ಆಮೇಲೆ.

ಹುಮನಾಬಾದ್ ರಸ್ತೆ

ಬಟ್ಟಲಿಗೆ ಒಂದು ಸುಲಭ ದಾರಿ ಇದೆ. ಎಲ್ಲರಿಗೂ ಸಣ್ಣ ಸಣ್ಣ ಲೋಟ ಮಾಡಿಬಿಡಿ. ಎಷ್ಟೋ ಸಭೆಗಳಲ್ಲಿ ಹಾಗೇ ಇದೆ. ಜಗಳವೇ ಇಲ್ಲ.

ಕಾಲೊನಿ ಮಗಳು

ಮೊದಲಿನಿಂದ ಹಾಗಿದ್ದರೆ ಸರಿ. ಈ ಮಾತು ಎದ್ದ ಮೇಲೆ ಬದಲಾಯಿಸಿದರೆ ಅದು ಯಾಕೆ ಬದಲಾಯಿತು ಅಂತ ಅಜ್ಜನಿಗೆ ತಿಳಿಯದೇ ಇರುತ್ತದಾ? ಇಡೀ ಊರಿಗೆ ತಿಳಿಯುತ್ತದೆ.

ಹುಮನಾಬಾದ್ ರಸ್ತೆ

ಆದರೆ ಸಭೆ ಒಡೆಯಬಾರದು ಅಲ್ವಾ? ಇಬ್ಬರು ಹಿರಿಯರು ಸಿಟ್ಟಾಗಿ ಹೋದರೆ?

ಸೇಡಂ ಮೇಷ್ಟ್ರು

ಸಭೆ ಆಗಲೇ ಒಡೆದಿದೆಯಪ್ಪಾ, ಹಿಂದಿನ ಬೆಂಚಿನಲ್ಲಿ. ಪಾಸ್ಟರ್ ಆ ಹಿರಿಯರ ಮನೆಗೆ ಹೋಗಿ ಕೂತು ಮಾತಾಡಲಿ. ಸಿಸ್ಟರ್ ಬರೆದದ್ದನ್ನು ಓದಿ ಹೇಳಲಿ. ಹೆದರಿಕೆಗೆ ಬೈಗುಳ ಮದ್ದಲ್ಲ.

ಭಾಲ್ಕಿ ಯುವಜನ

ಅಕ್ಕ ಹೇಳಿದಂತೆ ಅಜ್ಜನ ಮನೆಗೆ ಹೋಗಿದ್ದೆ. ಚಹಾ ಕುಡಿದೆ. ಏನಂತ ಪ್ರಾರ್ಥನೆ ಮಾಡಲಿ ಅಂತ ಕೇಳಿದೆ. ಬಹಳ ಹೊತ್ತು ಯೋಚಿಸಿ ಹೇಳಿದರು. "ತಮ್ಮ ನನ್ನ ಸಂಗಡ ಮಾತು ಬಿಟ್ಟಿದ್ದಾನೆ. ಹೊಲದ ಪಾಲು ಕೊಡದಿದ್ದರೂ ಪರವಾಗಿಲ್ಲ, ಮಾತಾಡಲಿ. ಮೊಮ್ಮಗಳು ಪಿಯುಸಿ ಪಾಸಾಗಲಿ. ಬೇಸಿಗೆಯಲ್ಲಿ ಕಾಲು ಸುಡದ ಹಾಗೆ ಒಂದು ಚಪ್ಪಲಿ ಸಿಗಲಿ." ಬೆರಳಿನ ಮಾತೇ ಎತ್ತಲಿಲ್ಲ. ಭಾನುವಾರ ಪ್ರಾರ್ಥನೆ ನೀವೇ ನಡೆಸಿಕೊಡಿ ಅಂದೆ. "ಮಂದಿ ಒಪ್ಪುತ್ತಾರಾ?" ಅಂದರು. ಪಾಸ್ಟರ್ ಒಪ್ಪಿದ್ದಾರೆ ಅಂತ ಹೇಳಿದ ಮೇಲೆ ಹೂಂ ಅಂದರು.

ಸಭೆ ಒಟ್ಟಾಗಿ ಹೇಳುವ ಭಾಗವನ್ನು ಹೀಗೆ ಬರೆದಿದ್ದೇನೆ. ತಿದ್ದಿ.

"ಕರ್ತನೇ, ಯಾರೂ ಮುಟ್ಟದವನನ್ನು ನೀನು ಮುಟ್ಟಿದಿ. ನಾವು ದೂರ ಕೂರಿಸಿದವರ ಹತ್ತಿರ ನಮ್ಮನ್ನು ಕೂರಿಸು. ಮಚ್ಚೆ ಮುಚ್ಚಿಟ್ಟುಕೊಂಡವರಿಗೆ ತೋರಿಸುವ ಧೈರ್ಯ ಕೊಡು. ಗುಳಿಗೆ ನುಂಗುತ್ತಿರುವವರು ಪೂರ್ತಿ ಮುಗಿಸಲಿ. ಸ್ಪರ್ಶ ಇಲ್ಲದ ಕೈಕಾಲನ್ನು ಬೆಂಕಿಯಿಂದ, ಮುಳ್ಳಿನಿಂದ ಕಾಯಿ. ಮಾತು ಬಿಟ್ಟ ತಮ್ಮಂದಿರು ಮಾತಾಡಲಿ. ಮನೆ ಬಾಡಿಗೆಗೆ ಕೊಡದವರ, ಹೆಣ್ಣು ಕೊಡದವರ ಮನಸ್ಸು ತಿರುಗಿಸು. ಮನೆ ಮನೆ ತಿರುಗುವ ಆಶಾ ಅಕ್ಕಂದಿರಿಗೆ, ದವಾಖಾನೆಯ ಸಿಸ್ಟರುಗಳಿಗೆ ಬಲ ಕೊಡು. ಇವರ ಪ್ರಾರ್ಥನೆಯನ್ನು ನಮಗಾಗಿಯೂ ಕೇಳು. ಆಮೆನ್."

ವಾಡಿ ಜಂಕ್ಷನ್

"ಮಾತು ಬಿಟ್ಟ ತಮ್ಮಂದಿರು" ತೆಗೆಯಿರಿ. ಅಜ್ಜನ ತಮ್ಮ ಅದೇ ಊರಲ್ಲಿದ್ದರೆ ಎಲ್ಲರಿಗೂ ಯಾರಂತ ಗೊತ್ತಾಗುತ್ತದೆ. ಇದ್ದ ದಾರಿಯೂ ಮುಚ್ಚಿಹೋಗುತ್ತದೆ. "ಮಾತು ಬಿಟ್ಟ ಮನೆಯವರು" ಅಂತ ಮಾಡಿ.

ಭಾಲ್ಕಿ ಯುವಜನ

ಸರಿಯಾದ ಮಾತು. ಬದಲಾಯಿಸುತ್ತೇನೆ.

ಕಲ್ಯಾಣದವ

ಹೊಲದ ಪಾಲಿನ ಬಗ್ಗೆ ಅಜ್ಜನಿಗೆ ಒಬ್ಬ ವಕೀಲರನ್ನು ತೋರಿಸಿ. ರೋಗ ಬಂತು ಅಂತ ಆಸ್ತಿ ಹಕ್ಕು ಹೋಗುವುದಿಲ್ಲ. 1898ರ ಕುಷ್ಠರೋಗಿಗಳ ಕಾಯ್ದೆಯನ್ನೇ 2016ರಲ್ಲಿ ರದ್ದು ಮಾಡಿದ್ದಾರೆ. ಕುಷ್ಠ ಅನ್ನುವ ಕಾರಣಕ್ಕೆ ವಿಚ್ಛೇದನ ಕೇಳುವ ಅವಕಾಶವನ್ನೂ 2019ರಲ್ಲಿ ತೆಗೆದರು. ಕೈಕಾಲು ಊನ ಉಳಿದವರು ಅಂಗವಿಕಲರ ಕಾರ್ಡಿಗೂ ಅರ್ಜಿ ಹಾಕಬಹುದು.

ಕಲಬುರಗಿ ಬಿಸಿಲು

ಚಪ್ಪಲಿ ನಾನು ಕೊಡಿಸುತ್ತೇನೆ. ಸೂಪರ್ ಮಾರ್ಕೆಟ್ ಕಡೆ ಒಳ್ಳೆಯ ಲೆದರ್ ಚಪ್ಪಲಿ ಸಿಗುತ್ತದೆ. ನಂಬರ್ ಹೇಳಿ.

ಯಾದಗಿರಿ ಸಿಸ್ಟರ್

ಅಂಗಡಿ ಚಪ್ಪಲಿ ಬೇಡ ಅಣ್ಣಾ. ಗಟ್ಟಿ ಅಟ್ಟೆ, ಮೊಳೆ ಇದ್ದರೆ ಹುಣ್ಣು ಜಾಸ್ತಿಯಾಗುತ್ತದೆ. ಎಂಸಿಆರ್ ಚಪ್ಪಲಿ ಅಂತ ಬರುತ್ತದೆ. ಒಳಗೆ ಮೆತ್ತನೆಯ ರಬ್ಬರ್, ಹೊರಗೆ ಮುಳ್ಳು ಚುಚ್ಚದ ಗಟ್ಟಿ ಅಟ್ಟೆ, ಹಿಂದೆ ಪಟ್ಟಿ. ಜಿಲ್ಲಾ ಕುಷ್ಠರೋಗ ವಿಭಾಗದಲ್ಲಿ ಉಚಿತವಾಗಿ ಕೊಡುತ್ತಾರೆ, ಅಜ್ಜನನ್ನು ಕರೆದುಕೊಂಡು ಹೋಗಿ ವಿಚಾರಿಸಿ. ನೀವು ಹೋಗಿ ಬರುವ ಗಾಡಿ ಖರ್ಚು ನೋಡಿಕೊಂಡರೆ ಅದೇ ದೊಡ್ಡ ಸಹಾಯ.

ಅಲ್ಲಿಯವರೆಗೆ ದಿನಾ 20 ನಿಮಿಷ ತಣ್ಣೀರಿನಲ್ಲಿ ಪಾದ ನೆನೆಸಲಿ. ಬಿಸಿನೀರು ಬೇಡ, ಬಿಸಿ ಅವರಿಗೆ ತಿಳಿಯುವುದಿಲ್ಲ. ಹುಣ್ಣಿನ ಸುತ್ತ ಗಟ್ಟಿಯಾದ ಚರ್ಮವನ್ನು ನಿಧಾನಕ್ಕೆ ಉಜ್ಜಿ, ಒದ್ದೆ ಇರುವಾಗಲೇ ಎಣ್ಣೆ ಹಚ್ಚಲಿ. ಹುಣ್ಣಿಗೆ ಶುದ್ಧ ಬಟ್ಟೆ ಕಟ್ಟಲಿ. ಆ ಕಾಲಿಗೆ ಆದಷ್ಟು ವಿಶ್ರಾಂತಿ ಬೇಕು. ಕೀವು ಅಥವಾ ವಾಸನೆ ಬಂದರೆ ಅದೇ ದಿನ ದವಾಖಾನೆ. ರಾತ್ರಿ ಮಲಗುವ ಮುಂಚೆ ಮೊಮ್ಮಗಳು ಪಾದ ನೋಡಲಿ, ಕೆಂಪಾಗಿದೆಯಾ, ಏನಾದರೂ ಚುಚ್ಚಿದೆಯಾ ಅಂತ.

ಕಲಬುರಗಿ ಬಿಸಿಲು

ಗಾಡಿ ನನ್ನದು. ಭಾಲ್ಕಿ ತಮ್ಮಾ, ಯಾವ ವಾರ ಅಂತ ಮೆಸೇಜ್ ಮಾಡು.

ಚಿತ್ತಾಪುರ ಆಶಾ

ಅದೇ ದಿನ ಮನೆಯವರೆಲ್ಲರ ಚರ್ಮವನ್ನೂ ಒಮ್ಮೆ ತೋರಿಸಿಬಿಡಿ, ಮೊಮ್ಮಗಳನ್ನೂ ಕರೆದುಕೊಂಡು ಹೋಗಿ. ಆಧಾರ್ ಕಾರ್ಡ್, ಅಜ್ಜನ ಹಳೆಯ ಚೀಟಿ ಮರೆಯಬೇಡಿ.